ಇತರೆ ಖರ್ಚು

ಮುಚ್ಚಳ ಕಾರ್ಖಾನೆಯವರು ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಲೆಕ್ಕ ಬರೆಯಲು ಏಕೆ ಹೊರಟರು ಎಂದು ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬ್ಯಾಂಕಿನ ಮ್ಯಾನೇಜರು, ಹಾಗೆ ಬರೆದರೆ ಬಡ್ಡಿ ಇಳಿಸುತ್ತೇವೆ ಎಂದು ಆಸೆ ಹುಟ್ಟಿಸಿದ್ದು ತಾವೇ ಎಂದು ಎದೆ ಉಬ್ಬಿಸುತ್ತಾರೆ. ಕಾರ್ಖಾನೆಯ ಈಗಿನ ಒಡತಿ ಹೊರದೇಶದ ಔಷಧಿ ಕಂಪನಿಯ ಕಡೆ ಬೊಟ್ಟು ಮಾಡುತ್ತಾರೆ. ಸಿರಪ್ ಬಾಟಲಿಗಳಿಗೆ ಲಕ್ಷಗಟ್ಟಲೆ ಮುಚ್ಚಳ ಕೊಳ್ಳಲು ಮುಂದೆ ಬಂದ ಆ ಕಂಪನಿ, ಮೊದಲು ನಿಮ್ಮ ಲೆಕ್ಕವನ್ನು ನಾವು ಓದಬಲ್ಲ ರೀತಿಯಲ್ಲಿ ಬರೆದು ತೋರಿಸಿ, ವ್ಯಾಪಾರದ ಮಾತು ಆಮೇಲೆ ಎಂದಿತ್ತಂತೆ. ಗೇಟಿನ ಕಾವಲುಗಾರನಿಗೆ ಇದೆಲ್ಲ ನಗು. ಹಿಂದಿನ ಬೀದಿಯ ಟ್ಯೂಬ್ ಕಾರ್ಖಾನೆಯವರು ಮಾಡಿಕೊಂಡರು, ನಮ್ಮವರ ಹೊಟ್ಟೆ ಉರಿಯಿತು, ಅಷ್ಟೇ ಎನ್ನುತ್ತಾನೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಒಳ್ಳೆಯ ಬುದ್ಧಿ ತಾನಾಗಿ ಹುಟ್ಟಿ ತಿದ್ದಿಕೊಂಡ ಕಂಪನಿಯನ್ನು ಕಂಡವರು ಯಾರಿದ್ದಾರೆ? ಯಾರೋ ಹಿಂದಿನಿಂದ ನೂಕಬೇಕು, ಯಾರೋ ಮುಂದಿನಿಂದ ಎಳೆಯಬೇಕು. ಆದರೆ ಹೊರಡುವುದು ಬೇರೆ, ಹೋಗಿ ಮುಟ್ಟುವುದು ಬೇರೆ. ಮುಚ್ಚಳ ಕಾರ್ಖಾನೆ ಹೋಗಿ ಮುಟ್ಟಿದ್ದರ ಹಿಂದೆ ಒಬ್ಬ ಹೆಂಗಸಿನ ಪೀಕಲಾಟವಿದೆ.

ಅವಳನ್ನು ಎಲ್ಲರೂ ಲೆಕ್ಕದಕ್ಕ ಎಂದೇ ಕರೆಯುತ್ತಾರೆ. ಶಾಲೆ ಮುಗಿಸಿದವಳೇ ಟೈಪ್ ಮಾಡುವ ಕೆಲಸಕ್ಕೆ ಬಂದು, ಹಳೆಯ ಗುಮಾಸ್ತರ ಪಕ್ಕದಲ್ಲಿ ಕೂತು ಜಮಾ ಖರ್ಚು ಕಲಿತು, ಅವರು ಬಿಟ್ಟ ಕುರ್ಚಿಯಲ್ಲೇ ಕೂತವಳು. ಅವಳ ಕೋಣೆ ಕಾರ್ಖಾನೆಯ ಮಹಡಿಯ ಮೇಲಿದೆ. ಕೋಣೆಯ ಒಂದು ಗೋಡೆಯ ಬದಲಿಗೆ ಗಾಜು, ಗಾಜಿನಾಚೆ ಕೆಳಗೆ ಪ್ರೆಸ್ ಮಿಷನ್ನುಗಳ ಸಾಲು. ಅವು ತಗಡನ್ನು ಹೊಡೆದು ಮುಚ್ಚಳ ಉದುರಿಸುತ್ತಿದ್ದರೆ ಮೇಲಿನ ನೆಲ ನಡುಗುತ್ತದೆ, ಮೇಜಿನ ಮೇಲಿಟ್ಟ ಪೆನ್ನು ತಾನಾಗಿ ನಡೆದು ಅಂಚಿಗೆ ಬರುತ್ತದೆ. ಲೆಕ್ಕದಕ್ಕ ತಲೆ ಎತ್ತದೆಯೇ ಅದನ್ನು ಹಿಂದಕ್ಕೆ ಸರಿಸುತ್ತಾಳೆ. ಮದುವೆಯ ಮಾತು ಬಂದಾಗಲೆಲ್ಲ ತಮ್ಮ ಚಿಕ್ಕವನಿದ್ದ, ತಾಯಿ ಇರಲಿಲ್ಲ, ಆಮೇಲೆ ಮಾತು ಬರುವುದೇ ನಿಂತಿತು. ಅದಕ್ಕಾಗಿ ಅವಳು ಕಣ್ಣೀರು ಹಾಕಿದ್ದನ್ನು ಯಾರೂ ನೋಡಿಲ್ಲ.

ಆ ತಮ್ಮನನ್ನು ಕೈ ಹಿಡಿದು ಕಾರ್ಖಾನೆಗೆ ಸೇರಿಸಿದವಳೂ ಅವಳೇ. ಅವನೀಗ ಪ್ರೆಸ್ ವಿಭಾಗದ ಹಿರಿಯ. ಜೀವಮಾನವಿಡೀ ಮಿಷನ್ನಿನ ಸದ್ದಿನಲ್ಲಿ ನಿಂತು ಕಿವಿ ಮಂದವಾಗಿದೆ. ಅವನು ಪಿಸುಮಾತು ಅಂದುಕೊಂಡು ಹೇಳಿದ್ದು ಬೀದಿಯ ತುದಿಗೆ ಕೇಳುತ್ತದೆ, ಹಾಗಾಗಿ ಅವನ ಹೆಸರು ಗಟ್ಟಿಬಾಯಿ ಎಂದಾಗಿದೆ. ಅವನ ಹೆಂಡತಿ ಅದೇ ಕಾರ್ಖಾನೆಯ ವಿಂಗಡಣೆ ಟೇಬಲಿನಲ್ಲಿ ಸೊಟ್ಟ ಮುಚ್ಚಳ, ಸರಿ ಮುಚ್ಚಳ ಬೇರೆ ಮಾಡುತ್ತಾಳೆ. ಮೂವರೂ ಒಂದೇ ಮನೆಯಲ್ಲಿದ್ದಾರೆ, ಬೆಳಿಗ್ಗೆ ಒಟ್ಟಿಗೇ ಹೊರಟು ಒಟ್ಟಿಗೇ ಗೇಟು ದಾಟುತ್ತಾರೆ.

ತಮ್ಮನ ನಿವೃತ್ತಿ ಹತ್ತಿರ ಬಂದಿತ್ತು, ಮಿಷನ್ನಿನವರಿಗಿದ್ದ ವಯಸ್ಸಿನ ಮಿತಿ ಅಕ್ಕನ ಲೆಕ್ಕದ ಕುರ್ಚಿಗೆ ಇರಲಿಲ್ಲ. ಅವನ ಕಣ್ಣೆಲ್ಲ ಕವರಿನ ಮೇಲೆ.

ಕವರು ಎಂದರೆ ಇಷ್ಟು. ಹಳೆಯ ಯಜಮಾನರು, ಕೆಲಸ ಮುಗಿಸಿ ಹೋಗುವ ಪ್ರತಿಯೊಬ್ಬ ಕೆಲಸಗಾರನ ಕೈಗೆ ಕೊನೆಯ ದಿನ ಒಂದು ದಪ್ಪ ಕವರು ಇಡುತ್ತಿದ್ದರು. ಕಾನೂನಿನ ಪ್ರಕಾರ ಬರುವುದಲ್ಲ ಅದು, ಅದರ ಮೇಲೊಂದು. ಯಾವ ಕಾಗದದಲ್ಲೂ ಅದರ ಮಾತಿರಲಿಲ್ಲ. ಕೊಡುತ್ತೇನೆ ಎಂದು ಅವರು ಯಾರಿಗೂ ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಕೊಡದೆ ಕಳಿಸಿದ್ದೂ ಇಲ್ಲ. ಜನ ಆ ದುಡ್ಡಿನಲ್ಲಿ ಸೂರು ಹಾಕಿಸಿಕೊಂಡರು, ಮಗಳ ಓದು ಮುಗಿಸಿದರು. ತಮ್ಮನ ಆಸೆ ಬಸ್ ನಿಲ್ದಾಣದ ಪಕ್ಕ ಒಂದು ಗೂಡಂಗಡಿ ಹಾಕಿ ಬೀಗದ ಕೈ ಮಾಡಿಕೊಡುವುದು. ಕೀ ಕೊರೆಯುವ ಮಿಷನ್ನನ್ನೂ ಅಂಗಡಿಯಲ್ಲಿ ನೋಡಿಟ್ಟು, ಅದರ ಬೆಲೆ ಕೇಳಿ ಕೇಳಿ ಅಂಗಡಿಯವನ ತಲೆ ತಿಂದಿದ್ದ.

ಕವರಿನೊಳಗೆ ಎಷ್ಟಿರುತ್ತದೆ ಎಂಬುದು ಮಾತ್ರ ತೆರೆಯುವವರೆಗೆ ಯಾರಿಗೂ ಗೊತ್ತಿಲ್ಲ. ಯಜಮಾನರಿಗೆ ಮೆಚ್ಚುಗೆಯಾದವರಿಗೆ ದಪ್ಪ, ಆಗದವರಿಗೆ ತೆಳ್ಳಗೆ. ಹಿಂದೊಮ್ಮೆ ಒಬ್ಬ ಫಿಟ್ಟರ್, ಕೆಲಸ ಬಲ್ಲವನು ಆದರೆ ನಾಲಿಗೆ ಚುರುಕು, ಹೆಚ್ಚುವರಿ ಪಾಳಿಯ ವಿಷಯಕ್ಕೆ ಯಜಮಾನರ ಎದುರು ವಾದಕ್ಕೆ ನಿಂತಿದ್ದ. ವರ್ಷಗಳ ನಂತರ ಅವನು ಹೊರಟ ದಿನ ಅವನ ಕವರು ಎಷ್ಟು ತೆಳುವಿತ್ತು ಎಂಬುದನ್ನು ಎಲ್ಲರೂ ಕಂಡರು. ಅವನು ಏನೂ ಅನ್ನದೆ ಮಡಿಸಿ ಜೇಬಿಗಿಟ್ಟುಕೊಂಡು ಹೋದ. ಅಂದಿನಿಂದ ಕಾರ್ಖಾನೆಯ ಕೆಳಗಿನ ಅಂತಸ್ತಿನಲ್ಲಿ ಎಲ್ಲರ ಬಾಯಿಗೂ ಬೀಗ ಬಿತ್ತು. ಯಜಮಾನರು ಕ್ರೂರಿಯಲ್ಲ, ಒಳ್ಳೆಯವರೇ. ಆದರೆ ಒಳ್ಳೆಯವರ ಕೈಯಲ್ಲಿ ಇರುವುದೂ ಒಂದು ಬಗೆಯ ಕಷ್ಟವೇ, ಅವರ ಮುಖ ಯಾವಾಗ ಬಾಡುತ್ತದೋ ಎಂದು ಕಾಯುತ್ತಲೇ ಇರಬೇಕು.

ಲೆಕ್ಕದಕ್ಕ ಆ ಹಣವನ್ನು ಕೊಟ್ಟ ವರ್ಷ 'ಇತರೆ ಖರ್ಚು' ಎಂಬ ಸಾಲಿಗೆ ಸೇರಿಸಿ ಬರೆಯುತ್ತಿದ್ದಳು. ಹಳೆಯ ಗುಮಾಸ್ತರು ಹಾಗೆ ಬರೆಯುತ್ತಿದ್ದರು, ಇವಳೂ ಹಾಗೇ ಬರೆದಳು. ಪೊರಕೆ, ಒಡೆದ ಕಿಟಕಿ ಗಾಜು, ಬಾಗಿಲಿಗೆ ಬಣ್ಣ, ಅವುಗಳ ನಡುವೆ ಒಬ್ಬ ಮನುಷ್ಯನ ಇಡೀ ದುಡಿಮೆಯ ಕೊನೆಯ ಕಾಣಿಕೆ. ವರ್ಷಕ್ಕೆ ಒಬ್ಬಿಬ್ಬರಷ್ಟೇ ಹೋಗುತ್ತಿದ್ದುದರಿಂದ ಆ ಸಾಲು ಯಾರ ಕಣ್ಣಿಗೂ ಚುಚ್ಚಲಿಲ್ಲ.

ಆಮೇಲೆ ಯಜಮಾನರು ತೀರಿಕೊಂಡರು. ಮಗಳು ಬಂದು ಕೂತರು. ಯಜಮಾನರನ್ನು ದೊಡ್ಡೋರು ಎನ್ನುತ್ತಿದ್ದ ಕೆಲಸಗಾರರು ಆಕೆಯನ್ನು ಚಿಕ್ಕೋರು ಎನ್ನುತ್ತಾರೆ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ಲೆಕ್ಕದಕ್ಕನ ಮೇಜಿನ ಕೆಳಗೆ ಕೂತು ಮುಚ್ಚಳಗಳಲ್ಲಿ ಆಡುತ್ತಿದ್ದ ಹುಡುಗಿ ಅದು. ಚುರುಕು, ಸ್ವಲ್ಪ ಅವಸರ, ಅಪ್ಪನ ಹೆಸರು ಕೆಡಿಸಿಬಿಟ್ಟೇನೋ ಎಂಬ ಭಯ ಬೇರೆ. ಚಿಕ್ಕೋರು ಬಂದ ಮೇಲೆ ಇನ್ನೂ ಯಾರೂ ನಿವೃತ್ತರಾಗಿರಲಿಲ್ಲ. ಮೊದಲನೆಯವನು ತಮ್ಮನೇ. ಕವರು ಯಜಮಾನರ ಜೊತೆಗೇ ಹೋಯಿತೋ, ಇನ್ನೂ ಉಂಟೋ, ಯಾರಿಗೂ ತಿಳಿಯದು. ಲೆಕ್ಕದಕ್ಕ ಒಮ್ಮೆ ಬೇರೇನೋ ಮಾತಿನ ನಡುವೆ ಅದನ್ನು ಎತ್ತಿದಾಗ, "ಅದೆಲ್ಲ ಅಪ್ಪನ ಕಾಲದ್ದು ಅಕ್ಕ, ನೋಡೋಣ" ಎಂದು ಚಿಕ್ಕೋರು ಫೋನು ಕೈಗೆತ್ತಿಕೊಂಡಿದ್ದರು.

ಮನೆಯಲ್ಲಿ ತಮ್ಮ ದಿನವೂ ಅದನ್ನೇ ಕೇಳುತ್ತಿದ್ದ.

"ಅಕ್ಕಾ, ಚಿಕ್ಕೋರು ಏನಾದ್ರೂ ಅಂದ್ರಾ? ಕೊಡ್ತಾರಂತಾ?"

"ಮೆಲ್ಲಗೆ ಮಾತಾಡೋ, ಪಕ್ಕದ ಮನೆಯವರು ಕಿಟಕಿ ತೆಗೀತಿದ್ದಾರೆ."

"ಮೆಲ್ಲಗೇ ಮಾತಾಡ್ತಿದ್ದೀನಲ್ಲ!"

"ಕೇಳೋಕೆ ಹೋಗಬೇಡ ಅಂತ ಎಷ್ಟು ಸಲ ಹೇಳಲಿ? ಕೇಳಿದ್ರೆ ಅವರಿಗೆ ಯೋಚನೆ ಬರುತ್ತೆ. ಯೋಚನೆ ಬಂದ್ರೆ ಕಷ್ಟ. ಸುಮ್ಮನಿದ್ರೆ ರೂಢಿ ಪ್ರಕಾರ ಆಗಿಹೋಗುತ್ತೆ."

ಇದು ಅವಳ ಯೋಜನೆ. ಉಸಿರು ಬಿಗಿಹಿಡಿದು ದಾಟಿಬಿಡುವುದು.

ಅಷ್ಟರಲ್ಲಿ ಹೊಸ ಪದ್ಧತಿ ಬಂತು. ಹೊಸ ಆಡಿಟರು ಬಂದರು. ಸಣ್ಣ ದನಿಯ, ಸದಾ ನೆಗಡಿ ಹಿಡಿದಂತಿರುವ ಮನುಷ್ಯ, ಮೂಗು ಒರೆಸಿಕೊಳ್ಳುತ್ತಲೇ ಎದುರಿನವರ ಬೆವರಿಳಿಸಬಲ್ಲವರು. ಅವರು ಹೇಳಿದ ಮೊದಲ ಕೆಲಸ ಮಿಷನ್ನುಗಳದ್ದು. ಈವರೆಗೆ ಒಂದು ಮಿಷನ್ನಿಗೆ ಒಂದು ಸವಕಳಿ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಇನ್ನು ಹಾಗಲ್ಲ. ಅಚ್ಚು ಬೇರೆ, ಮೋಟರು ಬೇರೆ, ಚೌಕಟ್ಟು ಬೇರೆ, ಯಾವ ಭಾಗ ಎಷ್ಟು ವರ್ಷ ಬಾಳುತ್ತದೆ, ವರ್ಷಕ್ಕೆ ಎಷ್ಟು ಸವೆಯುತ್ತದೆ, ಕೊನೆಗೆ ಕಿತ್ತು ಸಾಗಿಸಲು ಏನು ತಗಲುತ್ತದೆ, ಎಲ್ಲವನ್ನೂ ಬಿಡಿಸಿ ಬರೆಯಬೇಕು. ಲೆಕ್ಕದಕ್ಕನಿಗೆ ಮೊದಮೊದಲು ತಲೆ ಸಿಡಿಯಿತು. ಆಮೇಲೆ ರುಚಿ ಹತ್ತಿತು. ನಿಜ ಹೇಳಬೇಕೆಂದರೆ ಇಷ್ಟು ಚೊಕ್ಕವಾದ ಲೆಕ್ಕವನ್ನು ಅವಳು ಜನ್ಮದಲ್ಲೇ ಬರೆದಿರಲಿಲ್ಲ.

ಒಂದು ಬೆಳಿಗ್ಗೆ ಅವಳು ತಮ್ಮ ನಿಲ್ಲುವ ಪ್ರೆಸ್ಸಿನ ಲೆಕ್ಕ ಬರೆಯುತ್ತಿದ್ದಳು. ಬೇರಿಂಗು ಎಷ್ಟು ಸವೆದಿದೆ ಎಂದು ಬರೆದು, ಸುಮ್ಮನೆ ತಲೆ ಎತ್ತಿ ಗಾಜಿನಾಚೆ ನೋಡಿದಳು. ಪ್ರೆಸ್ಸಿನ ಮುಂದೆ ತಮ್ಮ ಒಂದು ಕಿವಿಯನ್ನು ಭುಜಕ್ಕೆ ಒತ್ತಿಕೊಂಡು, ಕೈಯಿಂದ ಗುಂಡಿ ಅದುಮುತ್ತಿದ್ದ. ಮಿಷನ್ನಿನ ಪ್ರತಿ ಕೀಲಿಗೂ ಸವಕಳಿ ಇದೆ, ಇವನಿಗೆ ಇಲ್ಲ. ಇದು ಅವಳ ಮನಸ್ಸಿಗೆ ಬಂದದ್ದು ಅದೇ ಮೊದಲು. ಬಂದದ್ದೇ ಸರಿ, ಸಿಟ್ಟೂ ಬಂತು. ಯಾರ ಮೇಲಿನ ಸಿಟ್ಟು ಎಂದು ಅವಳಿಗೂ ಗೊತ್ತಾಗಲಿಲ್ಲ. ತನ್ನ ಮೇಲೆಯೇ ಇದ್ದರೂ ಇರಬಹುದು.

ಆಡಿಟರು ಬಂದು ಎದುರಿಗೆ ಕೂತದ್ದು ಅದೇ ಹೊತ್ತಿಗೆ.

"ಮೇಡಂ, ಇನ್ನೊಂದು ವಿಷಯ," ಎಂದರು, ಕರವಸ್ತ್ರ ಮಡಿಸುತ್ತಾ. "ಕೆಲಸಗಾರರಿಗೆ ಕಾಗದದಲ್ಲಿ ಬರೆದುಕೊಟ್ಟ ಬಾಕಿ ಎಲ್ಲ ನೋಡಿದೆ, ಸರಿಯಾಗಿದೆ. ಬರೆಯದೇ ಇರೋದು ಏನಾದರೂ ಇದೆಯಾ? ಅಂದರೆ, ಯಾರೂ ಮಾತು ಕೊಟ್ಟಿಲ್ಲ, ಆದರೂ ಬಂದೇ ಬರುತ್ತೆ ಅಂತ ಅವರೆಲ್ಲ ನಂಬಿಕೊಂಡಿರೋ ಅಂಥದ್ದು?"

ಹಿಂದಿನ ಆಡಿಟರುಗಳು ಇಂಥ ಪ್ರಶ್ನೆ ಕೇಳಿದವರಲ್ಲ. ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಇದೆ ಎಂದರೆ ಕವರು ಬೆಳಕಿಗೆ ಬರುತ್ತದೆ, ಬೆಳಕಿಗೆ ಬಂದದ್ದನ್ನು ಚಿಕ್ಕೋರು ಒಂದೇ ಮಾತಿನಲ್ಲಿ ಕತ್ತರಿಸಿ ಹಾಕಬಹುದು. ತಮ್ಮನ ಗೂಡಂಗಡಿ ಕಣ್ಣ ಮುಂದೆ ಬಂತು. ಇಲ್ಲ ಎನ್ನಲು ಅವಳು ಬಾಯಿ ತೆರೆದದ್ದೂ ನಿಜ.

"ಇದೆ," ಎಂದಳು.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿಟರು ಆಗಲೇ ಪೆನ್ನು ತೆಗೆದಿದ್ದರು.

ಮಧ್ಯಾಹ್ನ ಚಿಕ್ಕೋರ ಕೋಣೆಯಲ್ಲಿ ಮೂವರೂ ಕೂತರು. ಆಡಿಟರು ವಿಷಯವನ್ನು ಬಿಡಿಸಿ ಹೇಳಿದರು. ಬಾಯಲ್ಲಿ ಹೇಳದಿದ್ದರೇನು, ವರ್ಷಾನುಗಟ್ಟಲೆ ತಪ್ಪದೆ ಕೊಟ್ಟಿದ್ದೀರಿ, ಬಂದೇ ಬರುತ್ತದೆ ಎಂದು ಜನ ನಂಬಿ ದುಡಿಯುತ್ತಿದ್ದಾರೆ, ಹಾಗಾಗಿ ಹೊಸ ಪದ್ಧತಿಯಲ್ಲಿ ಅದು ದಾನವಲ್ಲ, ಸಾಲ. ಈಗ ಕೆಲಸದಲ್ಲಿರುವ ಎಲ್ಲರಿಗೂ ಇದುವರೆಗಿನ ದುಡಿಮೆಗೆ ಎಷ್ಟಾಗುತ್ತದೋ ಅಷ್ಟನ್ನೂ ಕಂಪನಿ ಕೊಡಬೇಕಾದ ಬಾಕಿ ಎಂದು ಈಗಿನ ಲೆಕ್ಕದಲ್ಲೇ ತೋರಿಸಬೇಕು.

"ಎಲ್ಲರಿಗೂನಾ?" ಚಿಕ್ಕೋರ ಮುಖ ಸಣ್ಣಗಾಯಿತು. "ಅಪ್ಪ ಪ್ರೀತಿಯಿಂದ ಕೊಡ್ತಿದ್ದದ್ದು ಸ್ವಾಮಿ ಅದು. ಪ್ರೀತಿನ ಸಾಲದ ಪಟ್ಟಿಗೆ ಹಾಕ್ತೀರಾ?"

"ಪ್ರೀತಿನ ನಾವು ಮುಟ್ಟಲ್ಲ ಮೇಡಂ. ದುಡ್ಡನ್ನ ಮಾತ್ರ ಹಾಕ್ತೀವಿ."

ವಿಮೆ ಲೆಕ್ಕ ಹಾಕುವ ಗಣಿತದವರೊಬ್ಬರು ಬಂದು ಎಲ್ಲರ ವಯಸ್ಸು, ಸಂಬಳ, ಸೇವೆ ತೆಗೆದುಕೊಂಡು ಹೋದರು. ಹಿಂದಿನ ಕವರುಗಳ ಮೊತ್ತ ಮೇಲೆ ಕೆಳಗೆ ಆಗಿದ್ದನ್ನು ಕಂಡು ಅವರು ತಲೆ ಕೆರೆದುಕೊಂಡರು. ಅವೆಲ್ಲವನ್ನೂ ಸರಾಸರಿ ಮಾಡಿ ಕೆಲವು ದಿನಗಳ ಮೇಲೆ ಒಂದು ಅಂಕಿ ಕಳಿಸಿದರು. ಕಂಪನಿ ಹುಟ್ಟಿದಂದಿನಿಂದ ಕೂಡಿಟ್ಟ ಲಾಭದಲ್ಲಿ ಅರ್ಧದಷ್ಟನ್ನು ಆ ಅಂಕಿ ಗುಳುಂ ಮಾಡುತ್ತಿತ್ತು. ಚಿಕ್ಕೋರು ಅದನ್ನು ನೋಡಿ ತಲೆ ಮೇಲೆ ಕೈ ಹೊತ್ತು ಕೂತರು.

"ಔಷಧಿ ಕಂಪನಿಯವರು ಇದನ್ನ ನೋಡಿದ್ರೆ ತಿರುಗಿಯೂ ನೋಡಲ್ಲ," ಎಂದರು. "ಇದನ್ನ ಬರೀದೇ ಇರೋ ದಾರಿ ಇಲ್ವಾ?"

ಆಡಿಟರು ಮೂಗು ಒರೆಸಿಕೊಂಡರು. "ಒಂದಿದೆ. ಇನ್ನು ಮುಂದೆ ಕೊಡೋದಿಲ್ಲ ಅಂತ ಎಲ್ಲರಿಗೂ ತಿಳಿಸಿಬಿಡಿ. ನಂಬಿಕೆ ಹೋದರೆ ಬಾಕಿಯೂ ಹೋಗುತ್ತೆ. ಆದರೆ ಗೋಡೆಗೆ ಚೀಟಿ ಅಂಟಿಸಿದರೆ ಸಾಲದು. ಪ್ರತಿಯೊಬ್ಬರಿಗೂ ಸ್ಪಷ್ಟವಾಗಿ ಗೊತ್ತಾಗಿರಬೇಕು. ನಾನು ಅವರನ್ನ ಕೇಳ್ತೀನಿ."

ಚಿಕ್ಕೋರು ಅಂಕಿಯ ಕಾಗದವನ್ನು ಮಗುಚಿ ಇಟ್ಟರು. ಆಮೇಲೆ ಲೆಕ್ಕದಕ್ಕನ ಕಡೆ ನೋಡದೆ, "ನಾಲ್ಕು ಸಾಲು ಟೈಪ್ ಮಾಡಿಕೊಡಿ ಅಕ್ಕ. ನಾನೇ ಕೆಳಗೆ ಹೋಗಿ ಓದ್ತೀನಿ," ಎಂದರು.

ಲೆಕ್ಕದಕ್ಕ ಟೈಪ್ ಮಾಡಿದಳು. ಅವಳ ಕೆಲಸವೇ ಅದು. ಒಂದೇ ಸಾಲನ್ನು ಮತ್ತೆ ಮತ್ತೆ ಹೊಡೆಯಬೇಕಾಯಿತು.

ಸಂಜೆ ಮನೆಯಲ್ಲಿ ಮುಚ್ಚಿಡಲು ಆಗಲಿಲ್ಲ. ಅವಳ ಮುಖವೇ ಹೇಳುತ್ತಿತ್ತು. ತಮ್ಮ ಕೈ ತೊಳೆದು ಊಟಕ್ಕೆ ಕೂತವನು ಅರ್ಧ ಕೇಳಿ ತಟ್ಟೆ ಸರಿಸಿದ.

"ನೀನೇ ಹೇಳಿದೆಯಾ? ಅವರಾಗಿ ಕಂಡುಹಿಡಿದದ್ದಲ್ಲ, ನೀನೇ?"

"ಕೇಳಿದ್ರು ಕಣೋ. ನೇರವಾಗಿ ಕೇಳಿದ್ರು."

"ಇಲ್ಲ ಅನ್ನೋಕೆ ಬಾಯಿಗೆ ಏನಾಗಿತ್ತು? ಸುಮ್ಮನಿರು, ಸುಮ್ಮನಿರು ಅಂತ ನನ್ನ ಬಾಯಿ ಹೊಲಿದವಳು ನೀನು. ಒಂದೇ ಒಂದು ದಿನ ನೀನು ಸುಮ್ಮನಿರೋಕಾಗಲಿಲ್ವಾ?"

ಅವಳು ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು. ನಿನ್ನನ್ನು ಗಾಜಿನಾಚೆ ನೋಡಿದೆ, ನೋಡಿ ಹೇಳಿಬಿಟ್ಟೆ ಎಂದರೆ ಅವನಿಗೆ ಅರ್ಥವಾದೀತೇ? ತಮ್ಮನ ಹೆಂಡತಿ ಮಾತ್ರ, "ಬಿಡಿ, ಅಕ್ಕ ಬೇಕು ಅಂತ ಮಾಡಿದ್ದಲ್ಲ," ಎಂದು ನಡುವೆ ಬಂದಳು. ಗಂಡನ ಕಿವಿಗೆ ಅದು ಬೀಳಲಿಲ್ಲ, ಬಿದ್ದರೂ ಬೀಳದಂತೆ ಇದ್ದ. ಮರುದಿನ ಬೆಳಿಗ್ಗೆ ಅವನು ಕಾಯದೆ ಮುಂದೆ ಹೊರಟುಹೋದ. ಹಿಂದೆ ಇಬ್ಬರು ಹೆಂಗಸರು ನಡೆದರು. ಇಡೀ ಬದುಕಿನಲ್ಲಿ ಲೆಕ್ಕದಕ್ಕ ಆ ರಸ್ತೆಯನ್ನು ಅಷ್ಟು ಉದ್ದವಾಗಿ ಕಂಡಿರಲಿಲ್ಲ.

ಊಟದ ಬಿಡುವಿಗೆ ಮಿಷನ್ನುಗಳು ನಿಂತಾಗ ಚಿಕ್ಕೋರು ಕಾಗದ ಹಿಡಿದು ಮೆಟ್ಟಿಲಿಳಿದರು. ಲೆಕ್ಕದಕ್ಕ ಮೇಲಿನಿಂದ ಗಾಜಿಗೆ ಹಣೆ ಒತ್ತಿ ನೋಡುತ್ತಿದ್ದಳು. ಮಾತು ಕೇಳಿಸುತ್ತಿರಲಿಲ್ಲ. ಚಿಕ್ಕೋರು ಬಂದದ್ದನ್ನು ಕಂಡು ಎಲ್ಲರೂ ಕೈ ಒರೆಸಿಕೊಂಡು ಹತ್ತಿರ ಬಂದರು. ತಮ್ಮನೊಬ್ಬ ಬರಲಿಲ್ಲ. ಬೆನ್ನು ಹಾಕಿ ನಿಂತು ಪ್ರೆಸ್ಸಿಗೆ ಎಣ್ಣೆ ಬಿಡುತ್ತಾ, ಬಿಟ್ಟ ಕಡೆಗೇ ಮತ್ತೆ ಬಿಡುತ್ತಿದ್ದ. ಚಿಕ್ಕೋರು ಕಾಗದ ಬಿಚ್ಚಿದರು. ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬಳು ಮುಂದೆ ಬಂದು, ಹೊಸ ಅಚ್ಚಿನಿಂದ ಬಂದ ಮುಚ್ಚಳವೊಂದನ್ನು ಅವರ ಅಂಗೈಗೆ ಇಟ್ಟು, ಅದರ ಅಂಚಿನ ಸುತ್ತ ಬೆರಳಾಡಿಸಿ ತೋರಿಸಿದಳು. ಎಲ್ಲೂ ಚೂರು ಚೂಪಿಲ್ಲ ನೋಡಿ ಎನ್ನುತ್ತಿದ್ದಳೇನೋ. ಉಳಿದವರೂ ಬಗ್ಗಿ ನೋಡಿದರು. ಔಷಧಿ ಕಂಪನಿಯ ಆರ್ಡರಿಗೆಂದು ಅವರು ತಯಾರು ಮಾಡಿದ್ದ ಮಾದರಿ ಅದು. ಚಿಕ್ಕೋರು ಅದನ್ನೇ ನೋಡಲು ಇಳಿದು ಬಂದಿದ್ದಾರೆ ಎಂದು ಅವರೆಲ್ಲ ತಿಳಿದಿದ್ದರು.

ಚಿಕ್ಕೋರು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದರು, ಏನೋ ಅಂದರು, ತಲೆಯಾಡಿಸಿದರು. ಕಾಗದವನ್ನು ಮಡಿಸಿದರು. ಮೇಲೆ ಬಂದವರು ಸೀದಾ ಲೆಕ್ಕದಕ್ಕನ ಕೋಣೆಗೆ ನುಗ್ಗಿ ಎದುರಿನ ಕುರ್ಚಿಯಲ್ಲಿ ದೊಪ್ಪನೆ ಕೂತರು.

"ನನ್ನ ಕೈಲಿ ಆಗಲ್ಲ ಅಕ್ಕ."

ಲೆಕ್ಕದಕ್ಕ ಎದ್ದು ಬಾಗಿಲು ಮುಚ್ಚಿ ಬಂದಳು.

"ಅಪ್ಪ ನೋಡಿ, ಕೊಡ್ತೀನಿ ಅಂತ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಕೊಡಲ್ಲ ಅಂತ ಬಾಯಿಬಿಟ್ಟು ಹೇಳೋ ಪಾಳಿ ಮಾತ್ರ ನನಗೆ ಬಂತು. ಇದ್ಯಾವ ನ್ಯಾಯ?" ಚಿಕ್ಕೋರ ಕಣ್ಣು ಕೆಂಪಾಗಿತ್ತು. "ಅವರ ಮುಖ ನೋಡಿಕೊಂಡು ಅದನ್ನ ಓದೋದಕ್ಕಿಂತ ಸಾಲ ಅಂತ ಸಹಿ ಹಾಕೋದೇ ಸುಲಭ. ಬರೆದುಬಿಡಿ. ಆರ್ಡರು ಹೋದರೆ ಹೋಗಲಿ."

ಹೋಗಲಿ ಎಂದ ಮೇಲೆ ಒಂದಿಷ್ಟು ಹೊತ್ತು ಅತ್ತರು. ಲೆಕ್ಕದಕ್ಕ ನೀರು ಕೊಟ್ಟು, ಬೆನ್ನು ಸವರಿ, ತಾನೂ ಕಣ್ಣೊರೆಸಿಕೊಂಡಳು. ಅಂತರರಾಷ್ಟ್ರೀಯ ಮಾನದಂಡಗಳನ್ನು ಬರೆದ ದೊಡ್ಡ ಮನುಷ್ಯರು ಎಲ್ಲಿ ಕೂತಿದ್ದರೋ ಏನೋ, ತಮ್ಮ ಪುಸ್ತಕದ ಒಂದು ಪುಟ ಹೀಗೆ ಜಾರಿಗೆ ಬಂತು ಎಂದು ಅವರಿಗೆ ತಿಳಿಯುವ ಸಂಭವವಿಲ್ಲ.

ಸಹಿಯ ಹೊತ್ತಿಗೆ ಆಡಿಟರು ಮತ್ತೊಂದು ಪಟ್ಟು ಹಿಡಿದರು. ಆಡಳಿತದ ಮರ್ಜಿ ಪ್ರಕಾರ ಕೊಡಲಾಗುವುದು ಎಂದು ಚಿಕ್ಕೋರು ಬರೆಸಲು ಹೊರಟಿದ್ದರು. ಆಡಿಟರು ಒಪ್ಪಲಿಲ್ಲ. ಮರ್ಜಿಗೆ ಪ್ರತಿ ವರ್ಷ ಎಲ್ಲಿಂದ ಲೆಕ್ಕ ಹಾಕಲಿ, ಒಂದು ಸೂತ್ರ ಇಟ್ಟುಬಿಡಿ, ನಿಮಗೂ ಸಲೀಸು ಎಂದರು. ಹಳೆಯ ಕವರುಗಳ ಸರಾಸರಿಗೆ ಹತ್ತಿರ ಬರುವಂತೆ ನೋಡಿ, ವರ್ಷವೊಂದರ ಸೇವೆಗೆ ಅರ್ಧ ತಿಂಗಳ ಸಂಬಳ, ಎಲ್ಲರಿಗೂ ಒಂದೇ ಎಂದು ಕೊನೆಗೆ ತೀರ್ಮಾನವಾಯಿತು. ಪ್ರತಿ ವರ್ಷ ಒಬ್ಬೊಬ್ಬರಿಗೂ ಅವರವರ ಬಾಕಿ ಎಷ್ಟಾಗಿದೆ ಎಂದು ಚೀಟಿ ಕೊಡಬೇಕು ಎಂದೂ ಆಯಿತು.

ವರದಿ ಹೊರದೇಶಕ್ಕೆ ಹೋಯಿತು. ಚಿಕ್ಕೋರು ಉಗುರು ಕಚ್ಚುತ್ತಾ ಕಾದರು. ಔಷಧಿ ಕಂಪನಿಯವರು ಫೋನು ಮಾಡಿ ಕೇಳಿದ್ದು ಒಂದೇ ಪ್ರಶ್ನೆ, ಅದೂ ಬಾಡಿಗೆ ಗೋದಾಮಿನ ಬಗ್ಗೆ. ಕೆಲಸಗಾರರ ಬಾಕಿಯ ಪುಟವನ್ನು ಅವರು ಮಗುಚಿ ಮುಂದೆ ಹೋಗಿದ್ದರು. ಅವರ ದೇಶದಲ್ಲಿ ಎಲ್ಲ ಕಂಪನಿಗಳಿಗೂ ಅಂಥದ್ದೊಂದು ಪುಟ ಇದ್ದೇ ಇರುತ್ತದಂತೆ. ಚಿಕ್ಕೋರು ಫೋನು ಇಟ್ಟು, ನಗಬೇಕೋ ಅಳಬೇಕೋ ತಿಳಿಯದೆ ಕೂತರು.

ತಮ್ಮನಿಗೆ ಮಾತ್ರ ಇದಾವುದೂ ಸರಿಯಾಗಿ ತಲೆಗೆ ಹೋಗಲಿಲ್ಲ. ಬರೆದಿದ್ದಾರಂತೆ, ಕೊಡುತ್ತಾರಂತೆ ಎಂದು ಹೆಂಡತಿ ಕೂಗಿ ಹೇಳಿದರೂ, ಕೊಟ್ಟ ಮೇಲೆ ನೋಡೋಣ ಎಂದು ಮುಖ ಊದಿಸಿಕೊಂಡೇ ಇದ್ದ. ಅಕ್ಕನ ಜೊತೆ ಮಾತು ಶುರುವಾಗಿರಲಿಲ್ಲ. ಉಪ್ಪು ಬೇಕಾದರೂ ಹೆಂಡತಿಯ ಮೂಲಕ ಕೇಳುತ್ತಿದ್ದ.

ಚೀಟಿ ಹಂಚಿದ ದಿನ ಅವನು ಮೆಟ್ಟಿಲು ಹತ್ತಿ ಲೆಕ್ಕದಕ್ಕನ ಕೋಣೆಗೆ ಬಂದ. ಇಷ್ಟು ವರ್ಷದಲ್ಲಿ ಆ ಬಾಗಿಲು ದಾಟಿದವನಲ್ಲ. ಕೂರು ಎಂದರೂ ಕೂರಲಿಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟು ಅಂಕಿಯ ಮೇಲೆ ಬೆರಳಿಟ್ಟ.

"ಇದು ನನ್ನದಾ?"

"ನಿನ್ನದೇ."

"ಕೊನೇ ದಿನ ಇಷ್ಟೇ ಇರುತ್ತಾ? ಆಮೇಲೆ ಕಮ್ಮಿ ಆಗಿಹೋಗಲ್ವಾ?"

"ಇನ್ನು ಉಳಿದ ತಿಂಗಳದ್ದು ಸೇರಿ ಸ್ವಲ್ಪ ಜಾಸ್ತಿಯಾಗುತ್ತೆ. ಕಮ್ಮಿ ಆಗಲ್ಲ."

"ಚಿಕ್ಕೋರಿಗೆ ನನ್ನ ಮೇಲೆ ಸಿಟ್ಟು ಬಂದ್ರೂ?"

"ಬಂದ್ರೂ ಇಷ್ಟೇ. ಸೂತ್ರ ಕಣೋ ಇದು. ಸೂತ್ರಕ್ಕೆ ಸಿಟ್ಟು ಗೊತ್ತಾಗಲ್ಲ."

ಅವನು ಚೀಟಿಯನ್ನೇ ನೋಡುತ್ತಾ ನಿಂತ. ಏನನ್ನೋ ಮನಸ್ಸಿನಲ್ಲೇ ಕೂಡಿ ಕಳೆಯುತ್ತಿದ್ದಂತೆ ತುಟಿ ಅಲ್ಲಾಡುತ್ತಿತ್ತು. ಲೆಕ್ಕದಕ್ಕ ಕೀ ಮಿಷನ್ನಿನ ಬೆಲೆಯ ಲೆಕ್ಕವಿರಬೇಕು ಎಂದುಕೊಂಡಳು.

"ಹಾಗಾದ್ರೆ ನಾನು ಏನು ಬೇಕಾದ್ರೂ ಮಾತಾಡಬಹುದು," ಎಂದ.

"ಏನು ಮಾತಾಡ್ತೀಯ?"

ಅವನು ಚೀಟಿಯನ್ನು ಜೇಬಿಗಿಟ್ಟುಕೊಂಡು, ಹೊರಗೆ ಹೋಗಿ, ಪಕ್ಕದಲ್ಲೇ ಇದ್ದ ಚಿಕ್ಕೋರ ಕೋಣೆಯ ಬಾಗಿಲು ತಟ್ಟಿದ. ನಡುವೆ ಇದ್ದದ್ದು ಹಲಗೆಯ ಗೋಡೆ. ಹಲಗೆ ಇಲ್ಲದಿದ್ದರೂ, ಇದ್ದರೂ, ಅವನ ದನಿಗೆ ಎಲ್ಲ ಒಂದೇ.

"ಚಿಕ್ಕೋರೇ, ವಿಂಗಡಣೆ ಟೇಬಲಿನ ಹೆಂಗಸರಿಗೆ ಕೂರೋಕೆ ಸ್ಟೂಲು ಹಾಕಿಸಿಕೊಡಿ. ಬೆಳಿಗ್ಗೆಯಿಂದ ಸಂಜೆ ತನಕ ನಿಂತೇ ಇರ್ತಾರೆ. ನನ್ನ ಹೆಂಡತಿ ಕಾಲು ಸಂಜೆ ಹೊತ್ತಿಗೆ ಚಪ್ಪಲಿಗೆ ಹಿಡಿಯಲ್ಲ. ಬೆರಳಿಟ್ಟು ಒತ್ತಿದ್ರೆ ಗುಳಿ ಬೀಳುತ್ತೆ. ವರ್ಷಗಳಿಂದ ನೋಡ್ತಿದ್ದೀನಿ. ದೊಡ್ಡೋರ ಹತ್ರ ಹೇಳೋಣ ಅಂತ ಎಷ್ಟೋ ಸಲ ಮೆಟ್ಟಿಲ ತನಕ ಬಂದೆ. ನನ್ನ ಕವರು ತೆಳ್ಳಗಾದೀತು ಅಂತ ವಾಪಸ್ ಹೋದೆ. ಹೆಂಡತಿ ಕಾಲು ನೋಡಿಕೊಂಡು ಸುಮ್ಮನಿದ್ದೆ. ಅಕ್ಕನಿಗೂ ಹೇಳಬೇಡ ಅಂತ ಅವಳ ಬಾಯಿ ಮುಚ್ಚಿಸಿದ್ದೆ."

ಹಲಗೆಯ ಈಚೆ ಲೆಕ್ಕದಕ್ಕನಿಗೆ ಎಲ್ಲವೂ ಕೇಳಿಸಿತು. ಒಂದೇ ಮನೆ, ಒಂದೇ ಒಲೆ, ಒಂದೇ ದಾರಿ. ತಮ್ಮನ ಹೆಂಡತಿ ನಿಧಾನವಾಗಿ ನಡೆಯುವುದನ್ನು ಕಂಡು, ವಯಸ್ಸಾಯಿತು, ಮೈ ಬಂದಿದೆ ಎಂದು ತಾನು ತಮಾಷೆ ಮಾಡಿದ್ದು ನೆನಪಾಗಿ ಮುಖಕ್ಕೆ ಹೊಡೆದಂತಾಯಿತು. ಸುಮ್ಮನಿರು ಎಂದು ಆ ಮನೆಗೆ ಕಲಿಸಿದವಳು ತಾನೇ.

ಹಲಗೆಯಾಚೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಚಿಕ್ಕೋರು ಮೆಲ್ಲಗೆ ಏನೋ ಅಂದರು, ಇವನು "ಏನು? ಜೋರಾಗಿ ಹೇಳಿ!" ಎಂದ. "ಹಾಕಿಸ್ತೀನಿ ಅಂದೆ!" ಎಂದು ಚಿಕ್ಕೋರೂ ಕೂಗಿದರು. ಕೂಗಿದವರೇ ಬಾಗಿಲು ತೆರೆದು ಕತ್ತು ಹೊರಗೆ ಹಾಕಿದರು.

"ಅಕ್ಕಾ! ನಿಮ್ಮ ಹೊಸ ಪದ್ಧತಿಯಲ್ಲಿ ಇದೂ ಸೇರಿದೆ ಅಂತ ಯಾರೂ ಹೇಳಲೇ ಇಲ್ಲವಲ್ಲ!"

ಲೆಕ್ಕದಕ್ಕ ಕಣ್ಣೊರೆಸಿಕೊಂಡು ಎದ್ದು ಬಂದಳು. ಮೆಟ್ಟಿಲ ಕಡೆ ಕೈ ತೋರಿಸಿದಳು. ಅಲ್ಲಿ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಇನ್ನೂ ಮೂವರು ಹತ್ತಿ ಬರುತ್ತಿದ್ದರು.